ಬಾಗಿಲು ಬಡಿಯುವ ಸೀನು

ನಮ್ಮೂರಿನ ಟಾಕೀಸಿನಲ್ಲಿ ಯಾವ ಪಿಕ್ಚರ್ ಹಾಕಿರುತ್ತಾರೋ ಊರೂ ಅಷ್ಟು ದಿನ ಅದರಂತೆಯೇ ನಡೆಯುತ್ತದೆ. ಸಂಸಾರದ ಪಿಕ್ಚರ್ ಬಂದರೆ ಅಣ್ಣತಮ್ಮಂದಿರು ಮೊದಲ ವಾರ ಪಾಲು ಕೇಳಿ ಜಗಳವಾಡಿ, ಮೂರನೇ ವಾರ ತಬ್ಬಿಕೊಂಡು ಅಳುತ್ತಾರೆ. ಹಾಸ್ಯದ ಪಿಕ್ಚರ್ ಓಡುವಾಗ ಬೀದಿಯಲ್ಲಿ ಜಾರಿ ಬೀಳದವರೇ ಇಲ್ಲ, ಬಿದ್ದವರಿಗೆ ಪೆಟ್ಟಾಗುವುದೂ ಇಲ್ಲ. ಭಕ್ತಿ ಪಿಕ್ಚರ್ ಹಾಕಿದ ತಿಂಗಳು ಹಾಲಿನವನು ನೀರು ಬೆರೆಸುವುದಿಲ್ಲ, ಪಿಕ್ಚರ್ ಬದಲಾದ ಮರುದಿನ ಬೆಳಿಗ್ಗೆಯೇ ಶುರು ಮಾಡುತ್ತಾನೆ. ಹೊರಗಿನಿಂದ ಬಂದ ಸೊಸೆಯಂದಿರಿಗೆ ಇದು ಮೊದಮೊದಲು ವಿಚಿತ್ರವೆನ್ನಿಸುತ್ತದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಅವರೂ ಗೋಡೆಯ ಪೋಸ್ಟರ್ ನೋಡಿಕೊಂಡೇ ಒಲೆ ಹಚ್ಚುತ್ತಾರೆ. ನಾನೂ ಹಾಗೆ ಬಂದವಳೇ. ಟಾಕೀಸಿನ ಆಪರೇಟರ್ ಚೆಲುವರಾಜು ಅವರ ಹೆಂಡತಿಯಾಗಿ ಈ ಊರಿಗೆ ಬಂದೆ. ಈಗ ಪಿಕ್ಚರ್ ಓಡಿಸುವ ಮಹಡಿಯ ಕ್ಯಾಬಿನ್ನಿನಲ್ಲಿ ನಾನೇ ಆಪರೇಟರ್. ನನ್ನ ಹೆಸರು ರತ್ನಿ.

ದೆವ್ವದ ಪಿಕ್ಚರ್ ವರ್ಷಕ್ಕೆ ಒಂದೇ ಸಲ, ಆಷಾಢದಲ್ಲಿ. ಅದೂ ಮ್ಯಾಟ್ನಿ ಆಟ ಮಾತ್ರ, ಏಕೆಂದರೆ ಆ ದಿನಗಳಲ್ಲಿ ಕತ್ತಲಾದ ಮೇಲೆ ಯಾರೂ ಹೊಸ್ತಿಲು ದಾಟುವುದಿಲ್ಲ. ಸೋಮವಾರ ಮಧ್ಯಾಹ್ನ ಅರ್ಧ ಪಿಕ್ಚರ್ ತೋರಿಸಿ ಇಂಟರ್‌ವಲ್ ಬೆಲ್ ಹೊಡೆಯುತ್ತಾರೆ. ಬೇರೆ ಊರುಗಳಲ್ಲಿ ಇಂಟರ್‌ವಲ್ ಎಂದರೆ ಹತ್ತು ನಿಮಿಷ, ನಮ್ಮಲ್ಲಿ ಒಂಬತ್ತು ದಿನ. ಬೆಲ್ ಆದಾಗ ಊರಿನ ಸತ್ತವರಲ್ಲಿ ಒಬ್ಬರು, ಯಾರ ಸಾವಿನಲ್ಲಿ ಹೇಳದೆ ಉಳಿದ ಮಾತಿದೆಯೋ ಅವರು, ಕಡಲೆಕಾಯಿ ಮಾರುವವರ ಜೊತೆಗೇ ಪಕ್ಕದ ಬಾಗಿಲಿನಿಂದ ಒಳಗೆ ಬಂದು, ಜನರ ನಡುವೆ ಹಾದು, ತಮ್ಮ ಮನೆಗೆ ನಡೆದು ಹೋಗುತ್ತಾರೆ. ಒಂಬತ್ತು ದಿನವೂ ಮನೆಯಲ್ಲಿರುತ್ತಾರೆ. ಉಣ್ಣುತ್ತಾರೆ, ಮಾತಾಡುವುದಿಲ್ಲ. ಹತ್ತನೇ ದಿನ ಊರೆಲ್ಲ ಮತ್ತೆ ಟಾಕೀಸಿನಲ್ಲಿ ಸೇರುತ್ತದೆ, ಮಿಕ್ಕ ಅರ್ಧ ಓಡಿಸಿ ಅವರನ್ನು ಕಳುಹಿಸಿಕೊಡುತ್ತದೆ.

ದೆವ್ವದ ಪಿಕ್ಚರ್‌ಗೆ ಅದರದೇ ಕಟ್ಟುಪಾಡುಗಳಿವೆ, ಅವು ಊರಿಗೂ ಕಟ್ಟುಪಾಡೇ. ಮೊದಲ ಸಲ ಎದೆ ಝಲ್ಲೆನ್ನಿಸುವುದು ಬೆಕ್ಕಾಗಿರಬೇಕು, ನಿಜವಾದದ್ದು ಆಮೇಲೆ ಬರಬೇಕು. ಅದಕ್ಕೆಂದೇ ಆಷಾಢ ಹತ್ತಿರವಾದಾಗ ಎಲ್ಲರ ಮನೆಯ ಅಟ್ಟದ ಮೇಲೂ ಒಂದೊಂದು ಬೆಕ್ಕಿರುತ್ತದೆ. ಸತ್ತವರನ್ನು ಮೊದಲು ಕಂಡವರ ಮಾತನ್ನು ಯಾರೂ ನಂಬಬಾರದು. ಎಲ್ಲರೂ ಕಣ್ಣಾರೆ ನೋಡಿರುತ್ತಾರೆ, ಆದರೂ ನಂಬಬಾರದು. ನಂಬದವರು ಒಬ್ಬರಾದರೂ ಇಲ್ಲದಿದ್ದರೆ ಸತ್ತವರ ರೂಪ ಗಟ್ಟಿಯಾಗುವುದಿಲ್ಲ, ಒಣಹಾಕಿದ ಪಂಚೆಯ ಹಾಗೆ ಗಾಳಿಗೆ ಅಲ್ಲಾಡುತ್ತಿರುತ್ತದೆ. ಆ ಕೆಲಸಕ್ಕೆ ನಮ್ಮಲ್ಲಿ ಪದ್ಮನಾಭಯ್ಯ ಮೇಷ್ಟ್ರಿದ್ದಾರೆ. ಹದಿನೆಂಟು ವರ್ಷದಿಂದ ಊರೇ ಸೇರಿ ಅವರನ್ನು ಆರಿಸುತ್ತಿದೆ. ಅವರು ಸತ್ತವರು ಬಂದ ಮನೆಯ ಬಾಗಿಲಿಗೆ ಹೋಗಿ ಕನ್ನಡಕ ತೆಗೆದು ಒರೆಸುತ್ತಾ, "ಭ್ರಮೆ ಕಣಮ್ಮಾ, ಬರೀ ಭ್ರಮೆ. ಚೆನ್ನಾಗಿ ನಿದ್ದೆ ಮಾಡಿ" ಎಂದು ಮೂರು ಸಲ ಹೇಳಿ ಬರುತ್ತಾರೆ. ಹಾಗೆ ಹೇಳುವಾಗ ಸತ್ತವರು ಪಕ್ಕದಲ್ಲೇ ಕೂತು ಮಜ್ಜಿಗೆ ಕುಡಿಯುತ್ತಿದ್ದರೂ ಅವರು ಅತ್ತ ನೋಡುವುದಿಲ್ಲ. ಕೆಲಸ ಎಂದರೆ ಕೆಲಸ.

ಇನ್ನೊಂದು ಕಟ್ಟುಪಾಡಿದೆ, ಅದು ತಮಾಷೆಯದಲ್ಲ. ಸತ್ತವರಿಗೆ ತಮ್ಮ ಕಥೆ ಪೂರ್ತಿ ಗೊತ್ತಿರುವುದಿಲ್ಲ. ಬಾವಿಗೆ ಬಿದ್ದವನಿಗೆ ಬೆನ್ನಿಗೆ ತಾಗಿದ ಕೈ ಗೊತ್ತು, ಕೈ ಯಾರದೆಂದು ಗೊತ್ತಿಲ್ಲ. ಅದನ್ನು ಬದುಕಿರುವವರು ಎದ್ದು ನಿಂತು ಹೇಳಬೇಕು. ಅದೇ ಫ್ಲ್ಯಾಷ್‌ಬ್ಯಾಕ್. ಹತ್ತನೇ ದಿನ ಎರಡನೇ ಅರ್ಧ ಶುರುವಾಗುವ ಮೊದಲು ಅದು ಆಗಬೇಕು. ಅದರಲ್ಲಿ ತಪ್ಪು ಯಾರದೆಂದು ಬರುತ್ತದೋ ಸತ್ತವರು ಹೋಗಿ ಅವರ ಮುಂದೆ ನಿಲ್ಲುತ್ತಾರೆ, ಕೊನೆಯ ರೀಲು ಮುಗಿಯುವಾಗ ಅವರನ್ನು ಜೊತೆಗೇ ಕರೆದುಕೊಂಡು ಹೋಗುತ್ತಾರೆ. ಎಷ್ಟೋ ವರ್ಷ ಅಂಥದ್ದೇನೂ ಇರುವುದಿಲ್ಲ. ಒಬ್ಬ ಅಜ್ಜಿ ತನ್ನ ಕಿವಿಯ ಬುಗುಡಿ ಯಾವ ಮೊಮ್ಮಗಳಿಗೆ ಎಂದು ಯಾರೂ ಕೇಳಲಿಲ್ಲವೆಂದು ಬಂದಿದ್ದಳು, ಕೇಳಿದ ಮೇಲೆ ಹೊರಟುಹೋದಳು. ಆದರೆ ನಾನು ಮದುವೆಯಾಗಿ ಬಂದ ವರ್ಷ ಒಬ್ಬ ಗಟ್ಟಿಮುಟ್ಟಾದ ಗಂಡಸು, ತಮ್ಮನನ್ನು ಬಾವಿಗೆ ತಳ್ಳಿದವನು, ತೆರೆಯ ಮೇಲೆ ಶುಭಂ ಬರುವಷ್ಟರಲ್ಲಿ ಬೆಂಚಿನ ಮೇಲೆ ಕೂತಲ್ಲೇ ತಣ್ಣಗಾಗಿದ್ದ. ನಾನು ಎರಡು ಸಾಲು ಹಿಂದೆ ಕೂತಿದ್ದೆ.

ಈಗ ನಮ್ಮವರ ಸಾವಿನ ವಿಷಯ ಹೇಳುತ್ತೇನೆ. ದೆವ್ವದ ಪಿಕ್ಚರ್ ಓಡುವಾಗ ಕ್ಯಾಬಿನ್ನಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುವುದು ಪದ್ಧತಿ. ಬಹಳ ಹಿಂದೆ ಒಬ್ಬ ಆಪರೇಟರ್ ಹೆದರಿ, ಕೊನೆಯ ರೀಲು ಹಾಕದೆ ಓಡಿಹೋಗಿದ್ದನಂತೆ. ಆ ಸಲ ಬಂದ ಸತ್ತವರು ಹನ್ನೊಂದು ತಿಂಗಳು ವಾಪಸು ಹೋಗಲಾರದೆ ಊರಲ್ಲೇ ಇದ್ದರಂತೆ. ಅಂದಿನಿಂದ ಚಿಲಕ. ಅದನ್ನು ಹಾಕುವವನು ಗೇಟ್‌ಕೀಪರ್ ಮಾದಯ್ಯ. ಮೂರು ವರ್ಷದ ಹಿಂದಿನ ಆಷಾಢದಲ್ಲಿ ನಮ್ಮವರಿಗೆ ಜ್ವರ, ಕೆಮ್ಮು. ಆಗಾಗ ಹೊರಗೆ ಬಂದು ಗಾಳಿ ತೆಗೆದುಕೊಳ್ಳಬೇಕು, ಚಿಲಕ ಬೇಡ ಎಂದು ಮಾದಯ್ಯನನ್ನು ಕೇಳಿಕೊಂಡರು. ಮಾದಯ್ಯ ಒಪ್ಪಿ, ಚಿಲಕ ಹಾಕದೆ ಮೆಟ್ಟಿಲ ಕೆಳಗೆ ಸ್ಟೂಲು ಹಾಕಿಕೊಂಡು ಕೂತಿದ್ದ. ಮಧ್ಯಾಹ್ನ ನಾನು ಕಷಾಯ, ಗಂಜಿ ತೆಗೆದುಕೊಂಡು ಹೋದೆ. ಅವರ ಹಣೆ ಮುಟ್ಟಿದರೆ ಕೈ ಸುಡುವ ಹಾಗಿತ್ತು.

"ಪಿಕ್ಚರ್ ನಿಲ್ಸಿ ಮನೆಗೆ ಬನ್ನಿ. ಮೈ ಕೆಂಡ ಆಗಿದೆ," ಎಂದೆ.

"ದೆವ್ವದ ಪಿಕ್ಚರ್ ನಿಲ್ಸಕ್ಕಾಗುತ್ತಾ ರತ್ನಿ? ನೀನು ಹೋಗು," ಎಂದರು. ನನ್ನತ್ತ ತಿರುಗಲೂ ಇಲ್ಲ, ಮೆಷಿನ್ನಿನ ದೀಪದ ಕಾರ್ಬನ್ ಕಡ್ಡಿ ಸರಿಮಾಡುತ್ತಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾನು ಮೊದಲಿನಿಂದಲೂ ಸಿಡುಕಿಯೇ, ಅದು ಊರಿಗೆಲ್ಲ ಗೊತ್ತು. "ಹಂಗಾದ್ರೆ ಇಲ್ಲೇ ಬಿದ್ದಿರಿ," ಎಂದು ಹೇಳಿ ಹೊರಗೆ ಬಂದು ಬಾಗಿಲು ಎಳೆದೆ. ಚಿಲಕ ಹಾಕಿದೆ. ಸಿಟ್ಟಿಗೆ ಹಾಕಿದೆನೋ, ದೆವ್ವದ ಪಿಕ್ಚರ್ ಓಡುವಾಗ ಅದು ಹಾಕಿರಬೇಕಾದದ್ದು ಎಂಬ ರೂಢಿಗೆ ಹಾಕಿದೆನೋ, ಇವತ್ತಿಗೂ ನನಗೆ ಹೇಳಲಾಗುವುದಿಲ್ಲ. ಹಾಕಿದ್ದಂತೂ ನಾನೇ. ಕೆಳಗೆ ಬಂದು, "ಮಾದಣ್ಣ, ಅವರ ಕೆಮ್ಮಿಗೆ ಔಷಧಿ ತಂದ್ಕೊಡು," ಎಂದು ಅವನನ್ನು ಅಂಗಡಿಗೆ ಕಳಿಸಿದೆ. ಅವನು ಕೂಡಲೇ ಎದ್ದು ಹೋದ.

ನಾನು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಬಾಗಿಲು ಬಡಿಯುವ ಸೀನು ಬರುವುದರಲ್ಲಿತ್ತು. ದೆವ್ವದ ಪಿಕ್ಚರ್ ಎಂದರೆ ಅದೊಂದು ಇರಲೇಬೇಕು: ಮನೆಯೊಳಗೆ ಒಬ್ಬಳೇ ಹೆಂಗಸು, ಹೊರಗೆ ಯಾರೋ ಬಾಗಿಲು ಬಡಿಯುತ್ತಾರೆ, ದೀಪ ಆರುತ್ತದೆ. ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ. ಟಾಕೀಸಿನ ಹಿಂಬದಿಯ ಬಾಗಿಲಿನ ಪರದೆ ಸರಿಸಿ ಒಳಗೆ ನಿಂತೆ. ಬಡಿತ ಶುರುವಾಯಿತು. ದೀಪ ಆರಿತು. ತೆರೆ ಪೂರ್ತಿ ಕಪ್ಪಾಯಿತು, ಬಡಿತ ಮಾತ್ರ ನಿಲ್ಲಲಿಲ್ಲ. ಜೋರಾಯಿತು. ಒಬ್ಬ ಗಂಡಸು ಕೂಗಿದ ಹಾಗಾಯಿತು. ನಾನೂರು ಜನ ಉಸಿರು ಬಿಗಿಹಿಡಿದಿದ್ದೆವು. ಈ ಸಲ ಎಂಥಾ ಪಿಕ್ಚರ್ ತಂದಿದ್ದಾರಪ್ಪಾ ಎಂದು ನನ್ನ ಪಕ್ಕದ ಹೆಂಗಸು ನನ್ನ ಕೈ ಹಿಡಿದುಕೊಂಡಳು. ನಾನು ಅವಳ ಕೈ ಹಿಡಿದುಕೊಂಡೆ. ಹೊಗೆಯ ವಾಸನೆ ಮೂಗಿಗೆ ಬಡಿದಾಗಲೇ ನಮಗೆ ಗೊತ್ತಾದದ್ದು, ತೆರೆ ಕಪ್ಪಾದದ್ದು ಕಥೆಯಿಂದಲ್ಲ, ಕ್ಯಾಬಿನ್ನಿನಲ್ಲಿ ಫಿಲ್ಮಿಗೆ ಬೆಂಕಿ ಹತ್ತಿ ಮೆಷಿನ್ ನಿಂತದ್ದರಿಂದ ಎಂದು. ಅಷ್ಟರಲ್ಲಿ ಬಡಿತ ನಿಂತು ಬಹಳ ಹೊತ್ತಾಗಿತ್ತು.

ಔಷಧಿ ಶೀಷೆ ಹಿಡಿದುಕೊಂಡು ಓಡಿಬಂದ ಮಾದಯ್ಯ ಮೆಟ್ಟಿಲು ಹತ್ತಿದಾಗ ಬಾಗಿಲಿಗೆ ಚಿಲಕ ಹಾಕಿತ್ತು. ಮೂವತ್ತು ವರ್ಷ ದೆವ್ವದ ಪಿಕ್ಚರ್ ದಿನ ಆ ಚಿಲಕ ಹಾಕಿದ ಕೈ ಅವನದು. ಔಷಧಿಗೆ ಹೋಗುವ ಗಡಿಬಿಡಿಯಲ್ಲಿ ರೂಢಿಯಂತೆ ಮೇಲೆ ಹತ್ತಿ ತಾನೇ ಕೈತಪ್ಪಿ ಹಾಕಿರಬೇಕು, ತನಗೆ ನೆನಪಿಲ್ಲ ಅಷ್ಟೇ ಎಂದುಕೊಂಡ. ಅಂದೇ ಎಲ್ಲರ ಮುಂದೆ ಹಾಗೆಂದು ಹೇಳಿ ಎದೆ ಎದೆ ಬಡಿದುಕೊಂಡ. ನಾನು ಅಲ್ಲೇ ನೆಲದ ಮೇಲೆ ಕೂತಿದ್ದೆ, ಬಾಯಿ ಬಿಡಲಿಲ್ಲ. ಅಂದು ಬಾಯಿ ಕಟ್ಟಿತ್ತು ಎನ್ನಬಹುದು. ಮರುದಿನ? ಅದರ ಮರುದಿನ? ಅವನು ಗೇಟಿನ ಕೆಲಸ ಬಿಟ್ಟ. ದಿನಾ ಬೆಳಿಗ್ಗೆ ಸಿಹಿನೀರಿನ ಬಾವಿಯಿಂದ ಎರಡು ಕೊಡ ನೀರು ಹೊತ್ತು ತಂದು ನಮ್ಮ ಜಗಲಿಯ ಮೇಲಿಟ್ಟು, ನನ್ನ ಮುಖ ನೋಡದೆ ಹೋಗತೊಡಗಿದ. ಅರವತ್ತು ದಾಟಿದ ಮನುಷ್ಯ. ಮೂರು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಮೂರು ವರ್ಷ ನಾನು ಆ ನೀರು ಕುಡಿದೆ. ನನ್ನ ಬಗ್ಗೆ ಇದಕ್ಕಿಂತ ಕೆಟ್ಟದ್ದು ಹೇಳಲು ನನ್ನಲ್ಲಿ ಬೇರೇನಿಲ್ಲ.

ಆ ವರ್ಷ ಪಿಕ್ಚರ್ ಇಂಟರ್‌ವಲ್‌ವರೆಗೂ ಓಡಿರಲಿಲ್ಲವಾದ್ದರಿಂದ ಸತ್ತವರು ಯಾರೂ ಬರಲಿಲ್ಲ. ಮುಂದಿನ ಎರಡು ಆಷಾಢ ದೆವ್ವದ ಪಿಕ್ಚರ್ ಹಾಕಲು ಯಾರಿಗೂ ಧೈರ್ಯವಾಗಲಿಲ್ಲ. ಟಾಕೀಸಿನ ಯಜಮಾನಿ ನಂಜಮ್ಮಣ್ಣಿಯವರು ಕ್ಯಾಬಿನ್ ಹೊಸದಾಗಿ ಕಟ್ಟಿಸಿ, ನನ್ನನ್ನು ಕರೆದು ಬೇರೆ ಊರಿನ ಆಪರೇಟರ್‌ನಿಂದ ಕೆಲಸ ಕಲಿಸಿದರು. ಮೂರನೇ ವರ್ಷ ಅವರೇ, "ಸತ್ತೋರನ್ನ ಎಷ್ಟು ದಿನ ಹಿಂಗೆ ಕಾಯಿಸೋದು ರತ್ನಿ? ಈ ಸಲ ಹಾಕೋಣ," ಎಂದರು. ಯಾರು ಬರುತ್ತಾರೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೇಡ ಎನ್ನಬೇಕಿತ್ತು. ಆದರೆ ನನಗೆ ಅವರನ್ನು ನೋಡಬೇಕಿತ್ತು. ಒಂದೇ ಒಂದು ಸಲ ನೋಡಬೇಕಿತ್ತು. ಹೂಂ ಎಂದೆ.

ಇಂಟರ್‌ವಲ್ ಬೆಲ್ ಹೊಡೆದು ಕ್ಯಾಬಿನ್ನಿನ ಕಿಂಡಿಯಿಂದ ನೋಡಿದೆ. ಪಕ್ಕದ ಬಾಗಿಲಿನಿಂದ ನಮ್ಮವರು ಬಂದರು. ಅದೇ ನೀಲಿ ಪಟ್ಟೆಯ ಶರ್ಟು. ಜನ ಕಾಲು ಸರಿಸಿ ದಾರಿ ಬಿಟ್ಟರು, ಅವರು ತಲೆ ತಗ್ಗಿಸಿಕೊಂಡು ಮನೆಯ ಕಡೆ ನಡೆದರು. ನಾನು ಮನೆಗೆ ಓಡಿ ಒಳಗೆ ಕಾಲಿಡುವಷ್ಟರಲ್ಲಿ ಅಟ್ಟದಿಂದ ಬೆಕ್ಕು ಧುಮುಕಿ, ನಾನು ಕಿರುಚಿ, ಆಮೇಲೆ ಅವರು ಒಳಗಿನ ಕೋಣೆಯಲ್ಲಿ ಕಂಡರು. ಎಲ್ಲ ಕ್ರಮ ಪ್ರಕಾರ ನಡೆಯಿತು. ಸಂಜೆ ಮೇಷ್ಟ್ರು ಬಂದು ಕನ್ನಡಕ ಒರೆಸುತ್ತಾ ಭ್ರಮೆ ಎಂದು ಮೂರು ಸಲ ಹೇಳಿದರು. ಮೂರನೇ ಸಲ ಹೇಳುವಾಗ ಕನ್ನಡಕ ಬಿಟ್ಟು ಕಣ್ಣು ಒರೆಸಿಕೊಂಡರು. ನಮ್ಮವರೂ ಮೇಷ್ಟ್ರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದ ಗೆಳೆಯರು.

ಆ ಒಂಬತ್ತು ದಿನ ನಾನು ಅವರಿಗೆ ಬಡಿಸಿದೆ. ಬಿಸಿಯಾದದ್ದೇನೂ ಮುಟ್ಟುತ್ತಿರಲಿಲ್ಲ, ಆರಿಸಿ ಇಟ್ಟರೆ ಉಣ್ಣುತ್ತಿದ್ದರು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಬಾಗಿಲ ಮುಂದೆ ನಿಂತು, ತೆರೆದಿದ್ದರೂ ಅಂಗೈಯಿಂದ ಅದನ್ನು ಮುಟ್ಟಿ ನೋಡಿ ಆಮೇಲೆ ದಾಟುತ್ತಿದ್ದರು. ನಾನು ಮನೆಯ ಬಾಗಿಲುಗಳನ್ನೆಲ್ಲ ಕಳಚಿಸಿ ಹಿತ್ತಲಲ್ಲಿ ಒರಗಿಸಿದೆ. ಆಮೇಲೂ ಹಾಗೆಯೇ ಮಾಡುತ್ತಿದ್ದರು, ಬರೀ ಗಾಳಿಯನ್ನು ಮುಟ್ಟಿ. ಯಾರು ಹಾಕಿದ್ದು ಎಂದು ಅವರು ಕೇಳಲಾರರು, ನಾನು ಹೇಳಲಾರೆ. ದಿನಾ ಮಲಗುವಾಗ ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹೇಳಿದರೆ ಅವರು ನನ್ನನ್ನು ಯಾವ ಮುಖದಿಂದ ನೋಡಿಯಾರು ಎಂಬ ಭಯ ಒಂದು, ಕೊನೆಯ ರೀಲಿನ ಭಯ ಇನ್ನೊಂದು. ನನಗೆ ಸಾಯುವ ಆಸೆ ಇರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸುಮ್ಮನಿದ್ದರೆ ಕೊನೆಯ ರೀಲಿನಲ್ಲಿ ಹೋಗುವವನು ಮಾದಯ್ಯ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂಬತ್ತನೇ ದಿನ ಬೆಳಿಗ್ಗೆ ಮಾದಯ್ಯ ಕೊಡ ಇಳಿಸಿದವನು ಹೋಗದೆ ನಿಂತ. ಮುಖ ನುಣ್ಣಗೆ ಕ್ಷೌರ ಮಾಡಿಸಿದ್ದ, ಒಗೆದ ಪಂಚೆ ಉಟ್ಟಿದ್ದ.

"ಅವ್ವಾ, ನಮ್ಮನೆ ಮೇಕೆ ನಿನ್ ಹಿತ್ಲಲ್ ಕಟ್ತೀನಿ. ಹಾಲ್ ಕೊಡೋ ಮೇಕೆ. ನಾಳೆ ಬಿಟ್ಟು ನಾಡಿದ್ದಿಂದ ಹಿಂಡ್ಕೊ," ಎಂದ.

"ಯಾಕೆ ಮಾದಣ್ಣ?"

"ಯಾಕೆ ಅಂತ ಕೇಳ್ತೀಯಲ್ಲವ್ವಾ. ನಾಳೆ ನಾನೇ ಎದ್ದು ಹೇಳ್ತೀನಿ. ಅವನು ಕರ್ಕೊಂಡ್ ಹೋದ್ರೆ ನಂಗೂ ಒಂದ್ ನೆಮ್ದಿ. ಮೂರು ವರ್ಷದಿಂದ ಕಣ್ ಮುಚ್ಚಿದ್ರೆ ಚಿಲ್ಕವೇ ಕಾಣುತ್ತೆ."

ಒಳಗೆ ಕೂತಿದ್ದ ನಮ್ಮವರ ನೆರಳು ಗೋಡೆಯ ಮೇಲೆ ಕಾಣುತ್ತಿತ್ತು. ಅವನು ಅತ್ತ ತಿರುಗಿ ಕೈ ಮುಗಿದ. ನಾನು ಬಾಯಿ ತೆರೆದೆ. "ಮಾದಣ್ಣ, ಆವತ್ತು..." ಎಂದೆ. ಅವನು ಕೈ ಅಡ್ಡ ಹಿಡಿದು, "ಬಿಡವ್ವಾ, ನೀನೇನೂ ಅನ್ಬೇಡ. ನೀನು ಒಂದ್ ದಿನವೂ ನನ್ನ ಬಯ್ಲಿಲ್ಲ. ಅಷ್ಟೇ ಸಾಕು ನಂಗೆ," ಎಂದು ಹೊರಟುಹೋದ.  ಇಡೀ ದಿನ ಮೇಕೆ ಹಿತ್ತಲಿನಲ್ಲಿ ಕೂಗುತ್ತಲೇ ಇತ್ತು.

ಹತ್ತನೇ ದಿನ ಟಾಕೀಸು ಕಿಕ್ಕಿರಿದಿತ್ತು. ನಮ್ಮವರನ್ನು ಮುಂದಿನ ಬೆಂಚಿನ ತುದಿಯಲ್ಲಿ ಕೂರಿಸಿದ್ದರು. ನಂಜಮ್ಮಣ್ಣಿಯವರು ತೆರೆಯ ಪಕ್ಕದಲ್ಲಿ ನಿಂತು, "ಗೊತ್ತಿರೋರು ಹೇಳಿ," ಎಂದರು. ಹೇಳುವುದಕ್ಕೇನಿದೆ, ಎಲ್ಲರಿಗೂ ಗೊತ್ತಿದ್ದ ಕಥೆಯೇ. ಮಾದಯ್ಯ ಎದ್ದ. ಔಷಧಿ ತರಲು ಹೋಗುವಾಗ ಮರೆತು ಚಿಲಕ ಹಾಕಿದೆ, ನನ್ನ ಕೈಯ ತಪ್ಪು, ಚೆಲುವರಾಜು ಸತ್ತದ್ದು ನನ್ನಿಂದ ಎಂದು ಮೂರೇ ಮಾತಿನಲ್ಲಿ ಹೇಳಿ ಮುಗಿಸಿದ.  ನಮ್ಮವರು ನಿಧಾನವಾಗಿ ಎದ್ದರು. ಬೆಂಚುಗಳ ನಡುವೆ ನಡೆದು ಹೋಗಿ ಮಾದಯ್ಯನ ಮುಂದೆ ನಿಂತರು. ಮಾದಯ್ಯ ಕಣ್ಣು ಮುಚ್ಚಿಕೊಂಡ. ಅವನ ಗಂಟಲ ಗಂಟು ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ನೋಡಿ ನನ್ನೊಳಗೆ ಏನೋ ಕಿತ್ತುಕೊಂಡು ಬಂತು. ಎದ್ದು ನಿಂತೆ.

"ಮಾದಣ್ಣ ಹಾಕಿಲ್ಲ. ಚಿಲಕ ಹಾಕಿದ್ದು ನಾನು," ಎಂದೆ.

ಟಾಕೀಸಿನಲ್ಲಿ ಗುಜುಗುಜು ಎದ್ದಿತು. ಪದ್ಮನಾಭಯ್ಯ ಮೇಷ್ಟ್ರು ನನ್ನ ಹತ್ತಿರ ಬಂದು, ಮಗುವಿಗೆ ಹೇಳುವ ಹಾಗೆ ಹೇಳಿದರು: "ರತ್ನಮ್ಮ, ಕೂತ್ಕೊಳ್ಳಿ. ನಿಮ್ಮ ಮನಸ್ಸು ಅರ್ಥ ಆಗುತ್ತೆ. ಇನ್ನೊಬ್ಬರ ತಪ್ಪನ್ನ ಹೆಂಗಸು ತನ್ನ ಮೇಲೆ ಎಳ್ಕೊಳ್ಳೋದು ಸಂಸಾರದ ಪಿಕ್ಚರಲ್ಲಿ. ಇದು ದೆವ್ವದ ಪಿಕ್ಚರ್. ಇಲ್ಲಿ ಅದು ನಡೆಯಲ್ಲ." ಹೌದು ಹೌದು ಎಂದು ನಾಲ್ಕಾರು ದನಿ ಸೇರಿದವು. ನಂಜಮ್ಮಣ್ಣಿಯವರೂ ತಲೆ ಆಡಿಸಿದರು. ಆ ಜನ ಕೆಟ್ಟವರಲ್ಲ. ಅವರಿಗೆ ಕಥೆ ಗೊತ್ತಿತ್ತು, ಗೊತ್ತಿದ್ದ ಕಥೆಯಲ್ಲಿ ನನ್ನ ಮಾತಿಗೆ ಜಾಗವಿರಲಿಲ್ಲ, ಅಷ್ಟೇ.

"ಮೇಷ್ಟ್ರೇ, ನನಗೆ ಯಾವ ಪಿಕ್ಚರ್ ಅಂತ ಗೊತ್ತಿಲ್ಲ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವರನ್ನು ಬಿಟ್ಟು ನಮ್ಮವರ ಬೆನ್ನಿಗೆ ಹೇಳಿದೆ. "ನಿಮಗೆ ಕಷಾಯ ತಂದಿದ್ದೆ. ಪಿಕ್ಚರ್ ನಿಲ್ಸಿ ಬನ್ನಿ ಅಂದೆ. ನೀವು ತಿರುಗಿ ನೋಡಲಿಲ್ಲ, ನೀನು ಹೋಗು ಅಂದ್ರಿ. ನಾನು ಏನಂದೆ ಅಂತ ನಿಮಗೆ ನೆನಪಿರಬೇಕು. ಹಂಗಾದ್ರೆ ಇಲ್ಲೇ ಬಿದ್ದಿರಿ ಅಂದೆ. ಆಮೇಲೆ ಬಾಗಿಲು ಎಳ್ಕೊಂಡು ಚಿಲಕ ಹಾಕಿದೆ. ಮಾದಣ್ಣನ್ನ ಔಷಧಿಗೆ ಕಳಿಸಿದೆ. ಹಿಂಬಾಗಿಲ ಪರದೆ ಹತ್ರ ನಿಂತು ಸೀನು ನೋಡ್ತಿದ್ದೆ. ನೀವು ಬಾಗಿಲು ಬಡಿದದ್ದು ನನಗೆ ಕೇಳಿಸ್ತು. ನಾನು ಅದು ಪಿಕ್ಚರ್‌ದು ಅಂದ್ಕೊಂಡೆ."

ನಮ್ಮವರು ತಿರುಗಿದರು. ಇಲ್ಲೇ ಬಿದ್ದಿರಿ ಎಂದ ಆ ಮಾತು ಅಂದು ಕ್ಯಾಬಿನ್ನಿನಲ್ಲಿದ್ದ ನಮ್ಮಿಬ್ಬರಿಗೆ ಬಿಟ್ಟು ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾದಯ್ಯನನ್ನು ಬಿಟ್ಟು ನಡೆದು ಬಂದು ನನ್ನ ಮುಂದೆ ನಿಂತರು. ಜನರ ನಡುವೆ ಒಂದು ಕೂಸು ಅತ್ತಿತು, ತಾಯಿ ಅದರ ಬಾಯಿ ಮುಚ್ಚಿದಳು. ಒಂಬತ್ತು ದಿನ ನಾನು ಹೆದರಿದ್ದು ಅವರ ಮುಖಕ್ಕೆ. ಆ ಮುಖದಲ್ಲಿ ಸಿಟ್ಟು ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಜ್ವರದಲ್ಲಿದ್ದ ಮನುಷ್ಯನ ಸುಸ್ತು ಮಾತ್ರ ಇತ್ತು.

ಎರಡನೇ ಅರ್ಧ ಓಡಿಸಬೇಕು, ಓಡಿಸಲು ಬರುವುದು ನನಗೊಬ್ಬಳಿಗೇ. ನಾನು ಮೆಟ್ಟಿಲು ಹತ್ತಿದೆ, ಅವರು ನನ್ನ ಹಿಂದೆ ಹತ್ತಿದರು. ಕೆಳಗಿನಿಂದ ನಂಜಮ್ಮಣ್ಣಿಯವರು, "ಚಿಲಕ ಬೇಡ, ಬಾಗಿಲು ಹಂಗೇ ಇರ್ಲಿ," ಎಂದು ಕೂಗಿ ಹೇಳಿದ್ದು ಕೇಳಿಸಿತು. ಮೆಷಿನ್ ಶುರುಮಾಡಿದೆ. ನಮ್ಮವರು ಸ್ಟೂಲಿನ ಮೇಲೆ ಕೂತರು. ಹೊಸ ರೀಲು ಹಾಕುವಾಗ ಫಿಲ್ಮನ್ನು ಬಿಗಿಯಾಗಿ ಎಳೆದುಬಿಟ್ಟೆ, ಅವರು ಎದ್ದು ಬಂದು ಬೆರಳಲ್ಲಿ ಅದನ್ನು ಒಂದಿಷ್ಟು ಸಡಿಲಿಸಿ ಮತ್ತೆ ಹೋಗಿ ಕೂತರು. ಆ ಬೆರಳು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಇನ್ನು ಎರಡು ರೀಲು, ಇನ್ನು ಒಂದು ರೀಲು ಎಂದು ಎಣಿಸಿಕೊಳ್ಳುತ್ತಿದ್ದೆ. ಮೇಕೆಗೆ ನೀರಿಟ್ಟು ಬಂದಿರಲಿಲ್ಲ, ಅದೂ ನೆನಪಾಯಿತು.

ಕೊನೆಯ ರೀಲಿನಲ್ಲಿ ಬಾಗಿಲು ಬಡಿಯುವ ಸೀನು ಇನ್ನೊಂದು ಸಲ ಬರುತ್ತದೆ, ದೆವ್ವ ತನ್ನವರನ್ನು ಕರೆದೊಯ್ಯಲು ಬಂದಾಗ. ಬಡಿತ ಶುರುವಾಯಿತು. ಎರಡನೇ ಬಡಿತಕ್ಕೆ ಕೆಳಗೆ ಬೆಂಚೊಂದು ಸರಿದ ಸದ್ದು. ಆಮೇಲೆ ಇನ್ನೊಂದು. ಆಮೇಲೆ ಇಡೀ ಟಾಕೀಸೇ ಎದ್ದ ಸದ್ದು. ಕಿಂಡಿಯಿಂದ ನೋಡಿದೆ. ನಾನೂರು ಜನ ತೆರೆಗೆ ಬೆನ್ನು ಹಾಕಿ ನಿಂತು ಕ್ಯಾಬಿನ್ನಿನ ಕಡೆ ನೋಡುತ್ತಿದ್ದರು. ಮೆಟ್ಟಿಲ ಮೇಲೆ ದಡದಡ ಹೆಜ್ಜೆಗಳು. ಮೇಷ್ಟ್ರು ಎಲ್ಲರಿಗಿಂತ ಮುಂದೆ, ಏದುಸಿರು ಬಿಡುತ್ತಾ, ತೆರೆದ ಬಾಗಿಲಿನ ಹೊಸ್ತಿಲಲ್ಲಿ ಬಂದು ನಿಂತರು, ಅವರ ಹಿಂದೆ ಹತ್ತಿಪ್ಪತ್ತು ಮಂದಿ. ನಮ್ಮವರು ಅವರನ್ನು ನೋಡಿದರು, ಬಾಗಿಲನ್ನು ನೋಡಿದರು. ಎದ್ದು ಹೋಗಿ ಅಂಗೈಯಿಂದ ಮುಟ್ಟದೆಯೇ ಹೊಸ್ತಿಲು ದಾಟಿದರು. ಜನರ ನಡುವೆ ಮೆಟ್ಟಿಲಿಳಿದು, ಗೇಟು ದಾಟಿ, ಬಿಸಿಲಿನಲ್ಲಿ ಬೀದಿಗುಂಟ ಹೊರಟುಹೋದರು. ನನ್ನನ್ನು ಕರೆಯಲಿಲ್ಲ. ಕೊನೆಯ ರೀಲು ತನ್ನ ಪಾಡಿಗೆ ಓಡಿ ಮುಗಿಯಿತು, ಅದನ್ನು ನೋಡಿದವರು ಯಾರೂ ಇಲ್ಲ. ಅದಕ್ಕೇ ನಾನು ಉಳಿದೆನೆಂದು ಕೆಲವರು ಹೇಳುತ್ತಾರೆ. ನನಗೆ ಗೊತ್ತಿಲ್ಲ.

ಕೆಳಗಿಳಿದು ಬಂದಾಗ ಯಾರೂ ಮನೆಗೆ ಹೋಗಿರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು, ಒರೆಸಲಿಲ್ಲ. "ನನಗೂ ಕೇಳಿಸಿತ್ತು ರತ್ನಮ್ಮ. ಎಷ್ಟು ಚೆನ್ನಾಗಿ ತೆಗೆದಿದ್ದಾರೆ ಅಂದ್ಕೊಂಡೆ," ಎಂದರು. ಅವರ ಹಿಂದಿದ್ದವನು ನನಗೂ ಎಂದ. ಅಂದು ನನ್ನ ಕೈ ಹಿಡಿದುಕೊಂಡಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು, ಕೂಗಿದ್ದೂ ಕೇಳ್ತು ಎಂದಳು. ನಂಜಮ್ಮಣ್ಣಿಯವರು ತಲೆ ತಗ್ಗಿಸಿದರು. ಒಬ್ಬರಾದ ಮೇಲೊಬ್ಬರು ಹೇಳುತ್ತಾ ಹೋದರು.

ಮಾದಯ್ಯ ಗೇಟಿನ ಹತ್ತಿರ ನಿಂತು ಎಲ್ಲರ ಮಾತನ್ನೂ ಕೇಳುತ್ತಿದ್ದ. ಪ್ರತಿಯೊಬ್ಬರು ಬಾಯಿ ಬಿಟ್ಟಾಗಲೂ ಅವರತ್ತ ತಿರುಗಿ ನೋಡುತ್ತಿದ್ದ. ನಾನು ಅವನ ಹತ್ತಿರ ಹೋಗಿ ಕಾಲಿಗೆ ಬೀಳಲು ಬಗ್ಗಿದೆ. ಅವನು ಸರಕ್ಕನೆ ಹಿಂದೆ ಸರಿದ. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ. ಅವನ ಕಣ್ಣು ಕೆಂಪಗಾಗಿತ್ತು, ದವಡೆ ಅದುರುತ್ತಿತ್ತು.

"ಎಲ್ಲಾರ್ಗೂ ಕೇಳಿಸ್ತಾ?" ಎಂದ.

ಆಮೇಲೆ ಅವನೇ ಗೇಟಿನ ಕಡೆ ಕೈ ತೋರಿಸಿದ.

"ಮೂವತ್ ವರ್ಷ ಈ ಗೇಟಲ್ಲಿ ಕೂತೆ, ಒಂದ್ ದಿನವೂ ಒಳಕ್ ಹೋಗಿ ಪಿಕ್ಚರ್ ನೋಡ್ದೋನಲ್ಲ ನಾನು. ಯಾವ ಸೀನಲ್ಲಿ ಏನ್ ಬರುತ್ತೆ ಅಂತ ನಂಗೊತ್ತಿಲ್ಲ. ನೀನು ನನ್ನ ಔಷ್ದಿಗೆ ಕಳಿಸ್ದೆ ಇದ್ದಿದ್ರೆ, ಬಾಗ್ಲು ಬಡೀತಾವ್ರೆ ಅಂತ ಎದ್ ಹೋಗಿ ತೆಗೀತಿದ್ದೆ ಕಣವ್ವಾ."